ಬ್ಲೋವರ್ ನಿಲ್ಲುವ ಮೊದಲೇ ತಿಳಿಯಬೇಕೆಂದರೆ: ಫೌಂಡ್ರಿಯಲ್ಲಿ ಮುನ್ಸೂಚಕ ನಿರ್ವಹಣೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಧೂಳು ಎಳೆಯುವ ಬ್ಲೋವರ್ ನಿಂತರೆ ಫೌಂಡ್ರಿಯಲ್ಲಿ ಅಚ್ಚು ಒಡೆದು ಎರಕ ಬಿಡಿಸುವ ಶೇಕ್‌ಔಟ್ ನಿಲ್ಲುತ್ತದೆ. ಶೇಕ್‌ಔಟ್ ನಿಂತರೆ ಅಚ್ಚುಗಳು ಸಾಲುಗಟ್ಟುತ್ತವೆ, ಮರಳು ವಾಪಸ್ ಬರುವುದಿಲ್ಲ, ಕರಗಿದ ಲೋಹವನ್ನು ಹೊಯ್ಯಲಾಗದೆ ಫರ್ನೇಸಿನಲ್ಲೇ ಬಿಸಿ ಹಿಡಿದುಕೊಂಡು ಕರೆಂಟ್ ಸುಡಬೇಕಾಗುತ್ತದೆ. ಹೋದದ್ದು ಒಂದು ಬೇರಿಂಗ್, ಕೈತಪ್ಪಿದ್ದು ಇಡೀ ಶಿಫ್ಟ್.

ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿಯಂಥ ಕಡೆ ಇರುವ ಮಧ್ಯಮ ಗಾತ್ರದ ಫೌಂಡ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದೆ. ಉದಾಹರಣೆಗೆ ಒಂದೇ ಯಂತ್ರವನ್ನು ಹಿಡಿದುಕೊಳ್ಳೋಣ: 22 ಕಿಲೋವ್ಯಾಟ್, 4 ಪೋಲ್, 1470 ಆರ್‌ಪಿಎಂ ಮೋಟಾರ್, ವಿ-ಬೆಲ್ಟ್, ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಹಿಡಿದಿಡುವ ಎರಕದ ಪೆಟ್ಟಿಗೆ) ಮೇಲೆ ಕೂತ ಶಾಫ್ಟ್, ಅದರ ತುದಿಗೆ ಬ್ಲೋವರಿನ ಇಂಪೆಲ್ಲರ್, ಅಂದರೆ ರೆಕ್ಕೆಗಳ ಚಕ್ರ. ಇದು ಗೊತ್ತಾದರೆ ಪಂಪು, ಕಂಪ್ರೆಸರುಗಳಿಗೂ ಇದೇ ದಾರಿ.

ಕ್ಯಾಲೆಂಡರ್ ನೋಡಿ ಬೇರಿಂಗ್ ಬದಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ವಿಮಾನದ ಬಿಡಿಭಾಗಗಳ ಬಗ್ಗೆ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ 1978ರಲ್ಲಿ ಕೊಟ್ಟ ವರದಿಯ ಪ್ರಕಾರ ಶೇ 89ರಷ್ಟು ಭಾಗಗಳಿಗೆ ಇಂತಿಷ್ಟು ಗಂಟೆ ಎಂದು ಆಯುಸ್ಸು ಗೊತ್ತುಮಾಡಿ ಬದಲಿಸಿದರೂ ಲಾಭವಿರಲಿಲ್ಲ. ಶೇ 68ರಷ್ಟು ಭಾಗಗಳು ಹೊಸದಾಗಿ ಕೂರಿಸಿದ ಆರಂಭದಲ್ಲೇ ಹೆಚ್ಚು ಕೆಡುತ್ತಿದ್ದವು. ವಿಮಾನ ಬೇರೆ, ಬ್ಲೋವರ್ ಬೇರೆ, ನಿಜ. ಆದರೂ ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚಿದರೆ ಅದೇ ಒಂದು ರಿಪೇರಿಗೆ ದಾರಿಯಾಗುತ್ತದೆ ಎಂಬುದು ಯಾವ ಹಳೆಯ ಫಿಟ್ಟರನ್ನು ಕೇಳಿದರೂ ಗೊತ್ತಾಗುತ್ತದೆ.

ಮೊದಲು ಪಟ್ಟಿ, ಆಮೇಲೆ ಸೆನ್ಸರ್

ಎಲ್ಲ ಯಂತ್ರಕ್ಕೂ ಸೆನ್ಸರ್ ಹಾಕಹೊರಟವರು ಆರು ತಿಂಗಳಲ್ಲಿ ಒಂದನ್ನೂ ನೋಡದವರಾಗುತ್ತಾರೆ. ಪ್ರತಿ ಯಂತ್ರದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ. ಇದು ನಿಂತರೆ ಉತ್ಪಾದನೆ ನಿಲ್ಲುತ್ತದೆಯೇ? ಬದಲಿ ಭಾಗ ಸ್ಟೋರ್‌ನಲ್ಲಿದೆಯೇ, ಇಲ್ಲದಿದ್ದರೆ ಎಷ್ಟು ದಿನಕ್ಕೆ ಬರುತ್ತದೆ? ಕೆಡುವ ಮೊದಲು ಅಳೆಯಬಹುದಾದ ಲಕ್ಷಣ ಕಾಣುತ್ತದೆಯೇ? ನಿಂತರೆ ಉತ್ಪಾದನೆ ನಿಲ್ಲುವ, ಬದಲಿ ಭಾಗ ಬೇಗ ಸಿಗದ, ಲಕ್ಷಣ ಮೊದಲೇ ಕಾಣುವ ನಾಲ್ಕೈದು ಯಂತ್ರಗಳಷ್ಟೇ ಮೊದಲ ವರ್ಷಕ್ಕೆ ಸಾಕು. ಸ್ಟೋರ್‌ನಲ್ಲಿ ಇನ್ನೊಂದು ಇರುವ 0.75 ಕಿಲೋವ್ಯಾಟ್ ಮೋಟಾರನ್ನು ಸುಟ್ಟುಹೋಗುವವರೆಗೂ ಓಡಿಸಿ; ಅದಕ್ಕೆ ಸೆನ್ಸರ್ ಹಾಕುವುದು ದುಡ್ಡು ದಂಡ.

ಈ ಮಾರ್ಗದರ್ಶಿಯ ಮುಖ್ಯ ಅಳತೆ ಕಂಪನ, ಆದರೆ ಅದನ್ನು ಅಳೆದರೆ ಎಲ್ಲವೂ ಸಿಗುವುದಿಲ್ಲ. ಪ್ಯಾನಲ್ಲಿನ ಸಡಿಲ ಟರ್ಮಿನಲ್‌ಗೆ ಥರ್ಮಲ್ ಕ್ಯಾಮೆರಾ ಬೇಕು. ನಿಮಿಷಕ್ಕೆ 30 ಸುತ್ತು ತಿರುಗುವ ಮರಳು ಮಿಕ್ಸರಿನ ಶಾಫ್ಟ್ ಎಂದರೆ ಅರ್ಧ ಹರ್ಟ್ಸ್. ಅಗ್ಗದ ಸೆನ್ಸರಿನಲ್ಲಿ ಅದು ಗದ್ದಲದೊಳಗೆ ಮುಳುಗಿಹೋಗುತ್ತದೆ. ಅದರ ಗೇರ್‌ಬಾಕ್ಸಿಗೆ ಎಣ್ಣೆ ಪರೀಕ್ಷೆಯೇ ವಾಸಿ. ಸ್ಯಾಂಪಲನ್ನು ಎಣ್ಣೆ ಬಿಸಿಯಿರುವಾಗಲೇ, ಮಟ್ಟದ ನಡುವಿನಿಂದ ತೆಗೆಯಿರಿ. ಡ್ರೈನ್ ಪ್ಲಗ್ಗಿನಿಂದ ತೆಗೆದರೆ ವರ್ಷಗಟ್ಟಲೆ ತಳದಲ್ಲಿ ಕೂತ ಕಸವೇ ಬಾಟಲಿಗೆ ಬರುತ್ತದೆ.

ಯಂತ್ರದ ಜಾತಕ

ಸೆನ್ಸರ್ ಆರ್ಡರ್ ಮಾಡುವ ಮುನ್ನ ಒಂದು ಹಾಳೆ ತೆಗೆದುಕೊಂಡು ಆ ಯಂತ್ರದಲ್ಲಿ ಯಾವ ಯಾವ ಆವರ್ತನ ಹುಟ್ಟಬೇಕು ಎಂದು ಬರೆದಿಡಿ. ಮುಂದೆ ಗ್ರಾಫಿನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂದು ತೋರಿಸುವ ಚಿತ್ರ) ಕಾಣುವ ಪ್ರತಿ ಮೊನೆಗೂ ಹೆಸರು ಹೇಳುವುದು ಈ ಹಾಳೆಯೇ.

ಮೋಟಾರ್ 1470 ಆರ್‌ಪಿಎಂ, ಅಂದರೆ 24.5 ಹರ್ಟ್ಸ್. ಮೋಟಾರ್ ಪುಲ್ಲಿ 200 ಮಿ.ಮೀ., ಬ್ಲೋವರ್ ಪುಲ್ಲಿ 250 ಮಿ.ಮೀ. ಇದ್ದರೆ ಬ್ಲೋವರ್ 1176 ಆರ್‌ಪಿಎಂ, 19.6 ಹರ್ಟ್ಸ್. ಇಂಪೆಲ್ಲರಿಗೆ 10 ರೆಕ್ಕೆ ಇದ್ದರೆ ರೆಕ್ಕೆಗಳ ಆವರ್ತನ 196 ಹರ್ಟ್ಸ್. ಬೆಲ್ಟಿನ ಉದ್ದ 2500 ಮಿ.ಮೀ. ಎಂದುಕೊಂಡರೆ, ಪೈ ಗುಣಿಸು ಪುಲ್ಲಿ ವ್ಯಾಸ ಗುಣಿಸು ಸುತ್ತಿನ ಹರ್ಟ್ಸ್, ಭಾಗಿಸು ಬೆಲ್ಟ್ ಉದ್ದ: 6.16 ಹರ್ಟ್ಸ್. ಶಾಫ್ಟಿಗಿಂತ ನಿಧಾನವಾದ ಮೊನೆ ಕಂಡರೆ ಮೊದಲು ಬೆಲ್ಟ್ ನೋಡಬೇಕೆನ್ನುವುದು ಇದಕ್ಕೇ. ಇದರ ಜೊತೆಗೆ ಕರೆಂಟಿನ 50 ಹರ್ಟ್ಸಿನ ದುಪ್ಪಟ್ಟು, 100 ಹರ್ಟ್ಸ್.

ಬೇರಿಂಗಿನ ಲೆಕ್ಕ ಸ್ವಲ್ಪ ಬೇರೆ. ಗುಂಡುಗಳ ಸಂಖ್ಯೆ ಗೊತ್ತಿದ್ದರೆ ಅಂದಾಜು ಸೂತ್ರವಿದೆ: ಹೊರ ರಿಂಗಿನ ದೋಷಕ್ಕೆ ಗುಂಡುಗಳ ಸಂಖ್ಯೆಯ 0.4 ಪಟ್ಟು, ಒಳ ರಿಂಗಿಗೆ 0.6 ಪಟ್ಟು, ಅದನ್ನು ಶಾಫ್ಟಿನ ಹರ್ಟ್ಸಿಗೆ ಗುಣಿಸಿ. ಮರಳು ಕನ್ವೇಯರಿನ 1.5 ಕಿಲೋವ್ಯಾಟ್ ಮೋಟಾರಿನಲ್ಲಿ 6205 ಬೇರಿಂಗ್ ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ 9 ಗುಂಡು, ಅಂದಾಜು 3.6 ಮತ್ತು 5.4. ನಿಖರ ಅಂಕಿ 3.585 ಮತ್ತು 5.415. ಮೋಟಾರ್ 1420 ಆರ್‌ಪಿಎಂ ಓಡುತ್ತಿದ್ದರೆ ಹೊರ ರಿಂಗ್ 84.8 ಹರ್ಟ್ಸ್, ಒಳ ರಿಂಗ್ 128.2 ಹರ್ಟ್ಸ್. ಎರಡೂ ಶಾಫ್ಟಿನ ಪೂರ್ಣ ಪಟ್ಟುಗಳಲ್ಲ ಎಂಬುದನ್ನು ಗಮನಿಸಿ. ಶಾಫ್ಟಿನ ಲೆಕ್ಕಕ್ಕೆ ಸಿಗದ ಮೊನೆ ತನ್ನ ಪಟ್ಟುಗಳ ಸಮೇತ ಬಂದರೆ ಅನುಮಾನ ಬೇರಿಂಗಿನ ಮೇಲೆ. ಪ್ಲಮ್ಮರ್ ಬ್ಲಾಕಿನ ರೋಲರ್ ಬೇರಿಂಗಿಗೆ ಅಂದಾಜು ಬೇಡ, ತಯಾರಕರ ಕ್ಯಾಟಲಾಗಿನ ಅಂಕಿಯನ್ನೇ ಬರೆದುಕೊಳ್ಳಿ. ಬೇರಿಂಗ್ ನಂಬರನ್ನು ಹಳೆಯ ಡ್ರಾಯಿಂಗ್ ನೋಡಿ ಬರೆಯಬೇಡಿ. ಹಿಂದಿನ ರಿಪೇರಿಯಲ್ಲಿ ನಿಜವಾಗಿ ಹಾಕಿದ್ದು ಯಾವುದೆಂದು ಸ್ಟೋರ್ ಇಶ್ಯೂ ಚೀಟಿಯಲ್ಲಿ ಸಿಗುತ್ತದೆ.

ಸೆನ್ಸರ್ ಆಯ್ಕೆ

ಇಲ್ಲಿ ಮಾಡುವ ತಪ್ಪು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಸರಿಹೋಗುವುದಿಲ್ಲ. ಹವ್ಯಾಸಿಗಳ ಅಂಗಡಿಯಲ್ಲಿ ಸಿಗುವ ಎಡಿಎಕ್ಸ್ಎಲ್345 ಎಂಬ ಕಂಪನ ಅಳೆಯುವ ಚಿಪ್ ಸೆಕೆಂಡಿಗೆ ಹೆಚ್ಚೆಂದರೆ 3200 ಸ್ಯಾಂಪಲ್ ಕೊಡುತ್ತದೆ, ಕಾಣುವುದು 1600 ಹರ್ಟ್ಸ್‌ವರೆಗೆ. ಇಂಪೆಲ್ಲರ್ ತೂಕ ತಪ್ಪಿದ್ದನ್ನು ಅದು ಹೇಳುತ್ತದೆ. ಬೇರಿಂಗಿನ ರಿಂಗಿನ ಮೇಲೆ ಬೀಳುವ ಮೊದಲ ಗಾಯದ ಚುಕ್ಕೆಯನ್ನು ಹೇಳುವುದಿಲ್ಲ. ಆ ಚುಕ್ಕೆಯ ಮೇಲೆ ಗುಂಡು ಹಾಯ್ದಾಗಲೆಲ್ಲ ಲೋಹ ಸಣ್ಣ ಗಂಟೆ ಬಾರಿಸಿದಂತೆ ಕೆಲವು ಸಾವಿರ ಹರ್ಟ್ಸಿನಲ್ಲಿ ಮೊಳಗುತ್ತದೆ. ಅದನ್ನು ಹಿಡಿಯಲು ಐಐಎಸ್3ಡಿಡಬ್ಲ್ಯೂಬಿಯಂಥ ಚಿಪ್ ಬೇಕು: ಮೂರು ಅಕ್ಷ, ಸೆಕೆಂಡಿಗೆ ಸುಮಾರು 26,700 ಸ್ಯಾಂಪಲ್, 6 ಕಿಲೋಹರ್ಟ್ಸ್‌ವರೆಗೆ ಸಮತಟ್ಟಾದ ಪ್ರತಿಕ್ರಿಯೆ. ಬಜೆಟ್ ಇದ್ದರೆ ಪ್ರತಿ ಜಿ-ಗೆ (ಗುರುತ್ವದ ವೇಗವರ್ಧನೆಯಷ್ಟಕ್ಕೆ) 100 ಮಿಲಿವೋಲ್ಟ್ ಕೊಡುವ ಕಾರ್ಖಾನೆ ದರ್ಜೆಯ ಪಿಯೆಜೊ ಸೆನ್ಸರ್ ಹಾಕಿ.

‘ಮಿ.ಮೀ. ಪ್ರತಿ ಸೆಕೆಂಡ್ ಒಂದೇ ನೋಡಿದರೆ ಸಾಕು’ ಎನ್ನುವ ಮಾರಾಟಗಾರರ ಮುಂದೆ ಈ ಲೆಕ್ಕ ಇಡಿ. 24.5 ಹರ್ಟ್ಸಿನಲ್ಲಿ 0.05 ಜಿ ಕಂಪನ ಸುಮಾರು 3.2 ಮಿ.ಮೀ./ಸೆ. ಆಗುತ್ತದೆ. 3000 ಹರ್ಟ್ಸಿನಲ್ಲಿ ಅದರ ಹತ್ತು ಪಟ್ಟು, 0.5 ಜಿ ಇದ್ದರೂ ಬರೀ 0.26 ಮಿ.ಮೀ./ಸೆ. ಬೇರಿಂಗ್ ಕೂಗುತ್ತಿದ್ದರೂ ಮೀಟರ್ ಹಸಿರು ತೋರಿಸುವುದು ಹೀಗೆ. ಆದ್ದರಿಂದ ಎರಡನ್ನೂ ದಾಖಲಿಸಿ: ತೂಕ, ಅಲೈನ್‌ಮೆಂಟ್, ಸಡಿಲಿಕೆಗೆ ವೇಗ, ಬೇರಿಂಗಿಗೆ ಅಕ್ಸೆಲರೇಷನ್.

ಒಂದು ಬ್ಲೋವರ್ ಸೆಟ್ಟಿಗೆ ಬೇರಿಂಗಿಗೊಂದರಂತೆ ನಾಲ್ಕು ಸೆನ್ಸರ್ ಇದ್ದರೆ ಚೆನ್ನ. ಎರಡೇ ಆಗುವುದಾದರೆ ಮೋಟಾರಿನ ಪುಲ್ಲಿ ಕಡೆ ಒಂದು, ಬ್ಲೋವರಿನ ಪುಲ್ಲಿ ಕಡೆಯ ಪ್ಲಮ್ಮರ್ ಬ್ಲಾಕಿಗೆ ಒಂದು. ಬೆಲ್ಟಿನ ಎಳೆತ ಬೀಳುವುದು ಅಲ್ಲೇ. ಮೋಟಾರ್ ಕೇಬಲ್ಲಿಗೆ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್ ಹಾಕಿ, ಯಂತ್ರ ಓಡುತ್ತಿದೆಯೇ, ಲೋಡ್ ಎಷ್ಟು ಎಂದು ತಿಳಿಯುವುದು ಅದರಿಂದ. ಕೇಬಲ್ಲಿನಲ್ಲಿ ಕರೆಂಟ್ ಹರಿಯುವಾಗ ಅದರ ಸೆಕೆಂಡರಿ ತಂತಿಯನ್ನು ಬಿಚ್ಚಿಡಬೇಡಿ, ತುದಿಗಳಲ್ಲಿ ಅಪಾಯಕಾರಿ ವೋಲ್ಟೇಜ್ ಏರುತ್ತದೆ.

ಕೂರಿಸುವ ಕೆಲಸ

ಯಂತ್ರ ನಿಲ್ಲಿಸಿ, ಐಸೊಲೇಟರ್ ಇಳಿಸಿ, ಬೀಗ ಹಾಕಿ, ಕೀ ಜೇಬಿನಲ್ಲಿಟ್ಟುಕೊಳ್ಳಿ. ಬ್ಲೋವರ್ ಇಂಪೆಲ್ಲರ್ ಕರೆಂಟ್ ಹೋದ ಮೇಲೂ ಬಹಳ ಹೊತ್ತು ತಿರುಗುತ್ತದೆ. ಪೂರ್ತಿ ನಿಂತ ಮೇಲೇ ಬೆಲ್ಟ್ ಗಾರ್ಡ್ ತೆಗೆಯಿರಿ.

ಸೆನ್ಸರಿನ ಜಾಗ ಬೇರಿಂಗ್ ಹೌಸಿಂಗಿನ ದಪ್ಪ ಎರಕದ ಮೇಲೆ. ಮೋಟಾರಿನ ಕೂಲಿಂಗ್ ಏಣುಗಳ ಮೇಲೂ ಅಲ್ಲ, ಫ್ಯಾನ್ ಕವರಿನ ತಗಡಿನ ಮೇಲಂತೂ ಅಲ್ಲವೇ ಅಲ್ಲ, ತಗಡು ತನ್ನದೇ ಹಾಡು ಹಾಡುತ್ತದೆ. ಸುಮಾರು 25 ಮಿ.ಮೀ. ವ್ಯಾಸದ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ, ಸಮತಟ್ಟು ಮಾಡಿ, ಎಂ6 ತೂತು ಕೊರೆದು ಟ್ಯಾಪ್ ಮಾಡಿ. ಕೊರೆಯುವ ಆಳ ಹೌಸಿಂಗಿನ ದಪ್ಪದೊಳಗೇ ಇರಲಿ. ಲೋಹದ ಚೂರು ಬೇರಿಂಗಿಗೆ ಬಿದ್ದರೆ ನೀವೇ ದೋಷ ಹುಟ್ಟಿಸಿದ ಹಾಗೆ. ಸ್ಟಡ್ಡಿನ ಬಿಗಿತಕ್ಕೆ ತಯಾರಕರು ಕೊಟ್ಟ ಟಾರ್ಕ್ ಪಾಲಿಸಿ. ಕೊರೆಯಲು ಒಪ್ಪಿಗೆ ಸಿಗದಿದ್ದರೆ ಸ್ಟೀಲ್ ಪ್ಯಾಡನ್ನು ಗಟ್ಟಿ ಎಪಾಕ್ಸಿಯಿಂದ ಅಂಟಿಸಿ. ಮೆತ್ತನೆಯ ಡಬಲ್ ಟೇಪ್, ಸಿಲಿಕೋನ್ ಬೇಡ, ಮೇಲಿನ ಆವರ್ತನಗಳನ್ನು ಅವೇ ನುಂಗುತ್ತವೆ. ಬಣ್ಣದ ಮೇಲೆ ಅಂಟಿಸಿದ ಮ್ಯಾಗ್ನೆಟ್ಟಿನ ರೀಡಿಂಗನ್ನು 2 ಕಿಲೋಹರ್ಟ್ಸ್ ಮೇಲೆ ನಂಬಬೇಡಿ.

ಫೌಂಡ್ರಿಗೇ ವಿಶೇಷವಾದ ತೊಂದರೆ ಇಂಡಕ್ಷನ್ ಫರ್ನೇಸ್. ಅದರ ಕಾಯಿಲ್ ಕೆಲವು ನೂರು ಹರ್ಟ್ಸಿನಿಂದ ಸಾವಿರದ ಆಚೀಚೆಯವರೆಗಿನ ಆವರ್ತನದಲ್ಲಿ ಓಡುತ್ತದೆ, ಸೆನ್ಸರ್ ತಂತಿ ಅದನ್ನು ಆಂಟೆನಾದಂತೆ ಹಿಡಿದುಕೊಳ್ಳುತ್ತದೆ. ಪರೀಕ್ಷೆ ಸುಲಭ: ಫರ್ನೇಸ್ ಪೂರ್ತಿ ಪವರಿನಲ್ಲಿರುವಾಗ, ಬ್ಲೋವರ್ ನಿಲ್ಲಿಸಿ ಒಂದು ರೆಕಾರ್ಡಿಂಗ್ ಮಾಡಿ. ನಿಂತ ಯಂತ್ರದಲ್ಲೂ ಚೂಪಾದ ಮೊನೆ ಕಂಡರೆ ಅದು ಫರ್ನೇಸಿನದ್ದು. ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಪವರ್ ಕೇಬಲ್ಲಿನ ಟ್ರೇಯಿಂದ ದೂರ ಎಳೆಯಿರಿ.

ಎಷ್ಟು ಹೊತ್ತು ರೆಕಾರ್ಡ್ ಮಾಡಬೇಕು

ನಮ್ಮ ಮೋಟಾರಿನ ಸುತ್ತಿನ ನಾಲ್ಕು ಪಟ್ಟು 98 ಹರ್ಟ್ಸ್. ಕರೆಂಟಿನ ದುಪ್ಪಟ್ಟು 100. ಮೊದಲನೆಯದು ಎದ್ದರೆ ಮೆಕ್ಯಾನಿಕಲ್ ಸಡಿಲಿಕೆ ಹುಡುಕಬೇಕು, ಎರಡನೆಯದು ಎದ್ದರೆ ವೈಂಡಿಂಗ್ ಅಥವಾ ಗಾಳಿ ಸಂದಿನ (ಮೋಟಾರಿನ ತಿರುಗುವ ಮತ್ತು ನಿಂತ ಭಾಗಗಳ ನಡುವಿನ ಸಂದು) ಕಡೆ ನೋಡಬೇಕು. ಎರಡನ್ನೂ ಬೇರೆ ಬೇರೆ ಕಾಣಬೇಕಾದರೆ ಗ್ರಾಫಿನ ಹೆಜ್ಜೆ 0.5 ಹರ್ಟ್ಸಿಗಿಂತ ದೊಡ್ಡದಿರಬಾರದು. ಅಂದರೆ ಕನಿಷ್ಠ 2 ಸೆಕೆಂಡ್ ರೆಕಾರ್ಡಿಂಗ್. ಕಾಲು ಸೆಕೆಂಡಿನ ಡೇಟಾ ತೆಗೆದು ವೈಂಡಿಂಗ್ ಶಾಪಿಗೆ ಮೋಟಾರ್ ಕಳಿಸುವವರಿದ್ದಾರೆ, ಸಡಿಲವಾಗಿದ್ದದ್ದು ಫೌಂಡೇಷನ್ ಬೋಲ್ಟ್.

ಮೂರು ಅಕ್ಷ, 26,700 ಸ್ಯಾಂಪಲ್, 2 ಸೆಕೆಂಡ್, ಸ್ಯಾಂಪಲಿಗೆ 2 ಬೈಟ್: ಒಂದು ರೆಕಾರ್ಡಿಂಗ್ ಸುಮಾರು 320 ಕಿಲೋಬೈಟ್. ಗಂಟೆಗೊಂದರಂತೆ ದಿನಕ್ಕೆ ಸೆನ್ಸರಿಗೆ 7.7 ಮೆಗಾಬೈಟ್. ಇದನ್ನೆಲ್ಲ ಕ್ಲೌಡಿಗೆ ಕಳಿಸುವ ಅಗತ್ಯವಿಲ್ಲ. ಸೆನ್ಸರ್ ಪಕ್ಕದ ಇಎಸ್‌ಪಿ32 ಬೋರ್ಡೇ ಲೆಕ್ಕ ಮಾಡಿ 10 ನಿಮಿಷಕ್ಕೊಮ್ಮೆ ನಾಲ್ಕೈದು ಅಂಕಿ ಕಳಿಸಲಿ: ವೇಗದ ಆರ್‌ಎಂಎಸ್ (ಒಂದು ಬಗೆಯ ಸರಾಸರಿ ಮಟ್ಟ), ಅಕ್ಸೆಲರೇಷನ್ ಆರ್‌ಎಂಎಸ್, ಕರ್ಟೋಸಿಸ್ (ಕಂಪನದಲ್ಲಿ ಚೂಪು ಹೊಡೆತಗಳು ಎಷ್ಟಿವೆ ಎನ್ನುವ ಅಂಕಿ), ತಾಪಮಾನ, ಕರೆಂಟ್. ಪೂರ್ತಿ ರೆಕಾರ್ಡಿಂಗ್ ದಿನಕ್ಕೊಂದು ಮತ್ತು ಎಚ್ಚರಿಕೆ ಬಂದಾಗ ಸಾಕು. ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಒಂದು ಡೇಟಾಬೇಸ್, ಗ್ರಾಫ್ ತೋರಿಸುವ ಗ್ರಾಫಾನಾ ಪರದೆ, ಇಷ್ಟರಲ್ಲಿ ಐದು ಯಂತ್ರ ಆರಾಮವಾಗಿ ನಡೆಯುತ್ತದೆ. ಪೈ ಪೆಟ್ಟಿಗೆಯೊಳಗೆ ಧೂಳು ಹೋಗದಂತೆ ಮುಚ್ಚಿ, ಜೊತೆಗೆ ಸಣ್ಣ ಯುಪಿಎಸ್ ಇಡಿ. ಪದೇ ಪದೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಮೊದಲು ಕೆಡುತ್ತದೆ.

ಯಂತ್ರ ಓಡುತ್ತಿರುವಾಗಿನ ರೀಡಿಂಗ್ ಮಾತ್ರ ಉಳಿಸಿಕೊಳ್ಳಿ. ಗಾಳಿಯ ಹರಿವು ತಡೆಯುವ ಡ್ಯಾಂಪರ್ ಅರ್ಧ ಮುಚ್ಚಿದ ದಿನ ಮತ್ತು ಪೂರ್ತಿ ತೆರೆದ ದಿನದ ಕಂಪನ ಒಂದೇ ಅಲ್ಲ, ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಇದ್ದರಂತೂ ವೇಗವೇ ಬೇರೆ. ಹೋಲಿಕೆ ಒಂದೇ ಸ್ಥಿತಿಯ ರೀಡಿಂಗ್‌ಗಳ ನಡುವೆ ಇರಲಿ.

ಮಿತಿ ಎಲ್ಲಿ ಇಡಬೇಕು

ಮೊದಲ ಮೂರು-ನಾಲ್ಕು ವಾರ ಯಾವ ಅಲಾರಂ ಕೂಡ ಬೇಡ, ಬರೀ ದಾಖಲಿಸಿ. ಆದರೆ ಯಂತ್ರ ಈಗಾಗಲೇ ಕೆಟ್ಟಿದ್ದರೆ ಆ ಕೆಟ್ಟ ಸ್ಥಿತಿಯೇ ‘ಸಹಜ’ ಎಂದು ದಾಖಲಾಗುತ್ತದೆ. ಅದಕ್ಕೆ ಮೊದಲ ದಿನವೇ ಯಂತ್ರಗಳ ಕಂಪನದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 20816-3ರ ಜೊತೆ ತಾಳೆ ನೋಡಿ. 15ರಿಂದ 300 ಕಿಲೋವ್ಯಾಟ್ ಯಂತ್ರ ಗಟ್ಟಿ ತಳದ ಮೇಲಿದ್ದರೆ 1.4 ಮಿ.ಮೀ./ಸೆ.ವರೆಗೆ ಹೊಸದರಂತೆ, 2.8ರವರೆಗೆ ದೀರ್ಘಕಾಲ ಓಡಿಸಬಹುದು, 4.5ರವರೆಗೆ ರಿಪೇರಿ ಗೊತ್ತುಮಾಡಿಕೊಂಡು ಸ್ವಲ್ಪ ಕಾಲ, ಅದರ ಮೇಲೆ ಅಪಾಯ. ಸ್ಪ್ರಿಂಗ್ ಅಥವಾ ರಬ್ಬರ್ ಪ್ಯಾಡಿನ ಮೇಲೆ ಕೂತಿದ್ದರೆ ಇದೇ ಅಂಕಿಗಳು 2.3, 4.5, 7.1. ಫ್ಯಾನುಗಳಿಗೆಂದೇ ಇರುವ ಐಎಸ್ಒ 14694 ಇನ್ನಷ್ಟು ಸಡಿಲ: ಕೈಗಾರಿಕಾ ವರ್ಗದ ಫ್ಯಾನ್ ಗಟ್ಟಿ ತಳದಲ್ಲಿ 7.1ಕ್ಕೆ ಅಲಾರಂ, 9.0ಕ್ಕೆ ಬಂದ್.

ಈ ಪಟ್ಟಿಗಿಂತ ಹೆಚ್ಚು ಬೆಲೆಬಾಳುವುದು ಬದಲಾವಣೆ. ದೀರ್ಘಕಾಲ ಓಡಿಸಬಹುದಾದ ಎರಡನೇ ವಲಯದ ಮೇಲ್ಮಿತಿಯ (ಮೇಲಿನ 2.8) ಶೇ 25ರಷ್ಟು ಏರಿಳಿತ ಬಂದರೂ ಕಾರಣ ಹುಡುಕಬೇಕು ಎನ್ನುತ್ತದೆ ಐಎಸ್ಒ 20816-3. ನಮ್ಮ ಬ್ಲೋವರಿಗೆ ಅದು 0.7 ಮಿ.ಮೀ./ಸೆ. ತಿಂಗಳುಗಟ್ಟಲೆ 1.1 ಇದ್ದದ್ದು ವಾರದಲ್ಲಿ 1.9 ಆದರೆ ಪಟ್ಟಿಯ ಪ್ರಕಾರ ಇನ್ನೂ ಒಳ್ಳೆಯ ಯಂತ್ರ, ಆದರೂ ಏನೋ ಆಗಿದೆ.

ಪ್ರಾಯೋಗಿಕವಾಗಿ ಹೀಗೆ ಮಾಡಿ: ಸರಾಸರಿ ಮತ್ತು ಅದರ ಮೇಲೆ ಮೂರು ಪಟ್ಟು ಪ್ರಮಾಣಿತ ವಿಚಲನೆ ಸೇರಿಸಿ ಹಳದಿ, ಬೇಸ್‌ಲೈನಿನ (ಆ ಮೊದಲ ವಾರಗಳ ಸಹಜ ಮಟ್ಟ) ಎರಡು ಪಟ್ಟು ಕಿತ್ತಳೆ, ಮಾನದಂಡದ ಕೊನೆಯ ಮಿತಿ ಕೆಂಪು. ಸತತ ಮೂರು ರೀಡಿಂಗ್ ದಾಟಿದರೆ ಮಾತ್ರ ಸಂದೇಶ ಹೋಗಲಿ. ಪಕ್ಕದಲ್ಲಿ ಫೋರ್ಕ್‌ಲಿಫ್ಟ್ ಹಾದುಹೋದಾಗಲೆಲ್ಲ ಫೋನ್ ಕೂಗಿದರೆ ಎರಡನೇ ವಾರಕ್ಕೆ ಎಲ್ಲರೂ ಅದನ್ನು ಮ್ಯೂಟ್ ಮಾಡುತ್ತಾರೆ.

ಕರ್ಟೋಸಿಸ್ ಬಗ್ಗೆ ಒಂದು ಎಚ್ಚರಿಕೆ. ಒಳ್ಳೆಯ ಬೇರಿಂಗಿನಲ್ಲಿ ಅದು 3ರ ಸುತ್ತ ಇರುತ್ತದೆ, ಮೊದಲ ಚುಕ್ಕೆ ಬಿದ್ದಾಗ ಏರುತ್ತದೆ, ಹಾನಿ ರಿಂಗಿನ ತುಂಬ ಹರಡಿದ ಮೇಲೆ ಮತ್ತೆ ಇಳಿಯುತ್ತದೆ. ಇಳಿದದ್ದನ್ನು ಕಂಡು ‘ಸರಿಹೋಯ್ತು’ ಎಂದುಕೊಂಡರೆ ಕೆಟ್ಟಿರಿ. ಅಕ್ಸೆಲರೇಷನ್ ಆರ್‌ಎಂಎಸ್ ಜೊತೆಯಲ್ಲೇ ನೋಡಿ: ಅದು ಏರುತ್ತ ಕರ್ಟೋಸಿಸ್ ಇಳಿಯುತ್ತಿದ್ದರೆ ಸಮಯ ಕಡಿಮೆ ಉಳಿದಿದೆ.

ಗ್ರಾಫ್ ಏನು ಹೇಳುತ್ತದೆ

ಧೂಳಿನ ಬ್ಲೋವರಿನಲ್ಲಿ ಬಹುಪಾಲು ಸಲ ಕಾಣುವುದು 19.6 ಹರ್ಟ್ಸಿನ ಒಂದೇ ಮೊನೆ ದಿನೇ ದಿನೇ ಬೆಳೆಯುವುದು. ರೆಕ್ಕೆಗಳ ಮೇಲೆ ಧೂಳು ಕಟ್ಟಿ ತೂಕ ತಪ್ಪಿದೆ. ಬ್ಯಾಲೆನ್ಸಿಂಗ್‌ಗೆ ಹೊರಗಿನವರನ್ನು ಕರೆಸುವ ಮೊದಲು ಬಾಗಿಲು ತೆರೆದು ಇಂಪೆಲ್ಲರ್ ಕೆರೆದು ತೊಳೆಯಿರಿ. ನಿಧಾನಕ್ಕೆ ಏರುತ್ತಿದ್ದದ್ದು ಒಂದೇ ಕ್ಷಣದಲ್ಲಿ ದುಪ್ಪಟ್ಟಾದರೆ ಒಂದು ರೆಕ್ಕೆಯ ಧೂಳಿನ ಹೆಂಟೆ ಕಳಚಿ ಬಿದ್ದಿರುತ್ತದೆ, ಅಥವಾ ರೆಕ್ಕೆಯೇ ಸವೆದು ಮುರಿದಿರುತ್ತದೆ. ಎರಡರಲ್ಲಿ ಯಾವುದೆಂದು ನಿಲ್ಲಿಸಿ ಕಣ್ಣಾರೆ ನೋಡುವವರೆಗೂ ಓಡಿಸಬೇಡಿ.

ಸುತ್ತಿನ ಎರಡು ಪಟ್ಟು ಎದ್ದು ಶಾಫ್ಟಿನ ಉದ್ದಕ್ಕೂ ಕಂಪನ ಜೋರಾದರೆ ಅಲೈನ್‌ಮೆಂಟ್. ಬೆಲ್ಟ್ ಯಂತ್ರದಲ್ಲಿ ಪುಲ್ಲಿಗಳ ಮುಖಕ್ಕೆ ದಾರ ಹಿಡಿದು ನೋಡಿ. ಒಂದು, ಎರಡು, ಮೂರು, ನಾಲ್ಕು ಪಟ್ಟುಗಳು ಬೇಲಿಯಂತೆ ಸಾಲಾಗಿ ನಿಂತರೆ ಸಡಿಲ ಬೋಲ್ಟು ಅಥವಾ ಬಿರುಕು ಬಿಟ್ಟ ತಳ. ಒಳ ರಿಂಗಿನ ದೋಷದ ಮೊನೆಯ ಎರಡೂ ಬದಿಗೆ ಸುತ್ತಿನ ಅಂತರದಲ್ಲಿ ಮರಿ ಮೊನೆಗಳಿರುತ್ತವೆ, ಏಕೆಂದರೆ ಗಾಯ ಪ್ರತಿ ಸುತ್ತಿಗೂ ಭಾರದ ಜಾಗಕ್ಕೆ ಬಂದು ಹೋಗುತ್ತದೆ. ಈ ಬೇರಿಂಗ್ ಮೊನೆಗಳನ್ನು ಸಾದಾ ಗ್ರಾಫಿನಲ್ಲಿ ಹುಡುಕಿದರೆ ತಡವಾಗಿ ಸಿಗುತ್ತವೆ. 2ರಿಂದ 5 ಕಿಲೋಹರ್ಟ್ಸ್ ನಡುವಿನದ್ದನ್ನು ಸೋಸಿ, ಅದರ ಹೊರ ಆವರಣ (ಹೊಡೆತಗಳ ಏರಿಳಿತದ ಗೆರೆ) ತೆಗೆದು, ಆ ಆವರಣದ ಎಫ್ಎಫ್‌ಟಿ (ಆವರ್ತನಗಳನ್ನು ಬಿಡಿಸುವ ಲೆಕ್ಕ) ಮಾಡಿ, ಕನ್ವೇಯರ್ ಮೋಟಾರಿನ ಹೊರ ರಿಂಗಿನ 84.8 ಹರ್ಟ್ಸ್ ಅಲ್ಲಿ ಎದ್ದು ಕಾಣುತ್ತದೆ.

ಎಐ ಬಗ್ಗೆ

ಐದು ಯಂತ್ರದ ಫೌಂಡ್ರಿಯಲ್ಲಿ ವರ್ಷಕ್ಕೆ ಎರಡೋ ಮೂರೋ ಬೇರಿಂಗ್ ಹೋಗುತ್ತದೆ. ಇಷ್ಟರಿಂದ ಯಾವ ಮಾಡೆಲ್ಲೂ ‘ಕೆಡುವುದು’ ಎಂದರೇನೆಂದು ಕಲಿಯಲಾರದು. ಮೇಲಿನ ಮಿತಿಗಳು ವರ್ಷ ನಡೆದ ಮೇಲೆ ಬೇಕಿದ್ದರೆ ಸಹಜಕ್ಕಿಂತ ಬೇರೆಯಾದದ್ದನ್ನು ಹೆಕ್ಕುವ ಸರಳ ಮಾಡೆಲ್ ಸೇರಿಸಿ. ಕೈ ಪಳಗಿಸಿಕೊಳ್ಳಲು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಉಚಿತವಾಗಿಟ್ಟಿರುವ ಬೇರಿಂಗ್ ಡೇಟಾ ಒಳ್ಳೆಯದು; ಅದರಲ್ಲೂ 6205 ಬೇರಿಂಗೇ ಇದೆ, ನಿಮ್ಮ ಲೆಕ್ಕ ತಾಳೆಯಾಗುತ್ತದೆಯೇ ನೋಡಬಹುದು. ಆ ಡೇಟಾದ ಮೇಲೆ ಶೇ 99 ನಿಖರತೆ ಎಂದು ತೋರಿಸಿ ಮಾರಲು ಬಂದವರನ್ನು ಒಂದು ಮಾತು ಕೇಳಿ: ಒಂದೇ ರೆಕಾರ್ಡಿಂಗನ್ನು ತುಂಡು ಮಾಡಿ ಕಲಿಕೆಗೂ ಪರೀಕ್ಷೆಗೂ ಹಂಚಿದ್ದೀರಾ? ಹಂಚಿದ್ದರೆ ಅದು ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಬರೆಸಿದ ಪರೀಕ್ಷೆ.

ಸಂದೇಶ ಬಂದ ಮೇಲೆ

ಹೆಚ್ಚಿನ ವ್ಯವಸ್ಥೆಗಳು ಸಾಯುವುದು ಇಲ್ಲಿ. ಸೆನ್ಸರ್ ಹೇಳಿತು, ಪರದೆ ಕೆಂಪಾಯಿತು, ಯಾರೂ ಸ್ಪ್ಯಾನರ್ ಹಿಡಿಯಲಿಲ್ಲ. ಪ್ರತಿ ಬಣ್ಣದ ಮುಂದೆ ಒಬ್ಬರ ಹೆಸರು, ಒಂದು ಗಡುವು ಬರೆಯಿರಿ. ಹಳದಿ: ಶಿಫ್ಟಿನ ಫಿಟ್ಟರ್ 24 ಗಂಟೆಯೊಳಗೆ ನೋಡಿ, ಬೋಲ್ಟ್, ಬೆಲ್ಟ್, ಗ್ರೀಸ್ ಪರಿಶೀಲಿಸಿ ಚೀಟಿಗೆ ಸಹಿ ಹಾಕಬೇಕು. ಕಿತ್ತಳೆ: ಮೇಂಟೆನೆನ್ಸ್ ಎಂಜಿನಿಯರ್ ಅದೇ ದಿನ ಪೂರ್ತಿ ರೆಕಾರ್ಡಿಂಗ್ ನೋಡಬೇಕು, ಬೇರಿಂಗ್ ಸ್ಟೋರ್‌ನಲ್ಲಿದೆಯೇ ಖಚಿತಪಡಿಸಿ ವಾರದ ರಜೆಗೆ ಕೆಲಸ ಗೊತ್ತುಮಾಡಬೇಕು. ಕೆಂಪು: ನಿಲ್ಲಿಸುವ ಅಧಿಕಾರ ಶಿಫ್ಟ್ ಸೂಪರ್‌ವೈಸರ್ ಕೈಯಲ್ಲೇ ಇರಲಿ, ರಾತ್ರಿ ಎರಡು ಗಂಟೆಗೆ ಮಾಲೀಕರಿಗೆ ಫೋನ್ ಮಾಡಿ ಕೇಳುವಂತಿರಬಾರದು.

ಹಳದಿ ಬಂದ ಕೂಡಲೇ ಗ್ರೀಸ್ ಗನ್ ಹಿಡಿದು ಓಡುವುದು ಹಳೆಯ ಚಾಳಿ. ಲೆಕ್ಕವಿದೆ: ಬೇರಿಂಗಿನ ಹೊರ ವ್ಯಾಸ ಗುಣಿಸು ಅಗಲ, ಮಿಲಿಮೀಟರಿನಲ್ಲಿ, ಗುಣಿಸು 0.005, ಉತ್ತರ ಗ್ರಾಂ. 22 ಕಿಲೋವ್ಯಾಟ್ ಮೋಟಾರಿನಲ್ಲಿ ಸಾಮಾನ್ಯವಾಗಿರುವ 6310ಕ್ಕೆ 110 ಗುಣಿಸು 27 ಗುಣಿಸು 0.005, ಅಂದರೆ 15 ಗ್ರಾಂ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆಂದು ಹತ್ತು ಒತ್ತು ಕಾಗದದ ಮೇಲೆ ಹಾಕಿ ತೂಗಿ ನೋಡಿ. ನಿಪ್ಪಲ್ಲಿನಿಂದ ಹೊರಬರುವವರೆಗೂ ತುಂಬಿದರೆ ಗ್ರೀಸ್ ಒಳಗೇ ಕಡೆದು ಬಿಸಿಯಾಗುತ್ತದೆ. ಲಿಥಿಯಂ ಗ್ರೀಸ್ ಇದ್ದ ಕಡೆ ಪಾಲಿಯೂರಿಯಾ ಬೆರೆಸಬೇಡಿ. ಗ್ರೀಸ್ ಹಾಕಿದ ಮೇಲೆ ರೀಡಿಂಗ್ ಇಳಿದು ಕೆಲವೇ ದಿನದಲ್ಲಿ ಮತ್ತೆ ಏರಿದರೆ ಗಾಯ ಆಗಲೇ ಆಗಿದೆ ಎಂದರ್ಥ.

ಹೊಸ ಬೇರಿಂಗನ್ನು ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ ಕೂರಿಸಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಮೊದಲ ದಿನದ ಗ್ರಾಫಿನಲ್ಲೇ ಗೊತ್ತಾಗುತ್ತದೆ. ರಿಪೇರಿಯಾದ ಮೇಲೆ ಹಳೆಯ ಬೇಸ್‌ಲೈನ್ ಅಳಿಸಿ ಹೊಸದು ಶುರುಮಾಡಿ.

ಬಿಚ್ಚಿದ ಬೇರಿಂಗನ್ನು ಗುಜರಿಗೆ ಎಸೆಯುವ ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಹೊರ ರಿಂಗನ್ನು ಕಟ್ ಮಾಡಿ ಒಳಗೆ ನೋಡಿ. ಸೆನ್ಸರ್ ಹೊರ ರಿಂಗ್ ಎಂದಿತ್ತು. ಗಾಯ ಅಲ್ಲೇ ಇದೆಯೇ? ಎಷ್ಟು ಮಿಲಿಮೀಟರ್? ತಗಡಿನ ಶೀಟಿನ ಅಲೆಯಂಥ ಅಡ್ಡ ಗೀರುಗಳಿದ್ದರೆ ವಿಎಫ್‌ಡಿಯ ಕರೆಂಟ್ ಶಾಫ್ಟಿನ ಮೂಲಕ ಹರಿದಿದೆ. ಅರ್ಥಿಂಗ್ ಬ್ರಷ್ ಅಥವಾ ಇನ್ಸುಲೇಟೆಡ್ ಬೇರಿಂಗ್ ಹಾಕದಿದ್ದರೆ ಹೊಸದೂ ಹೀಗೇ ಹೋಗುತ್ತದೆ. ಫೋಟೊ ತೆಗೆದು, ಅಂದಿನ ಗ್ರಾಫಿನ ಜೊತೆ ಅದೇ ಚೀಟಿಗೆ ಲಗತ್ತಿಸಿ. ಗಾಯವೇ ಇಲ್ಲದ ಬೇರಿಂಗ್ ಸಿಕ್ಕರೆ ಅದನ್ನೂ ಹಾಗೇ ಬರೆದಿಟ್ಟು, ಆ ಯಂತ್ರದ ಹಳದಿ ಮಿತಿಯನ್ನು ಮತ್ತೆ ಲೆಕ್ಕ ಹಾಕಿ.